‘ರನ್’ ಎಂಬ ಪದಕ್ಕೆ ಕನ್ನಡದಲ್ಲಿ ಒಂದೇ ಸಮಾನಪದ ಸಾಕೇ?

ಪ್ರಶ್ನೆ: ಅನುವಾದದ ಕೂಲಿ

ಮಾನ್ಯರೇ,

ತಾಂತ್ರಿಕ ಕೈಪಿಡಿಗಳನ್ನೂ ಮೊಬೈಲ್ ಆ್ಯಪ್‌ಗಳ ಪಠ್ಯವನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಜೀವನೋಪಾಯ. ಈಗ ಕೈಯಲ್ಲಿರುವುದು ಕೊಳವೆಬಾವಿಯ ಮೋಟರನ್ನು ಮನೆಯಲ್ಲೇ ಕುಳಿತು ಫೋನಿನಿಂದ ಚಾಲೂ ಮಾಡುವ, ಬಂದ್ ಮಾಡುವ ಒಂದು ಆ್ಯಪ್. ಕೆಲಸ ಕೊಟ್ಟವರು ಜೊತೆಗೊಂದು ಪದಪಟ್ಟಿಯನ್ನೂ ಕಳುಹಿಸಿದ್ದಾರೆ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ಒಂದೇ ಪದ ಇರಬೇಕು, ಒಮ್ಮೆ ಗೊತ್ತುಮಾಡಿದ ಮೇಲೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಅದನ್ನೇ ಬಳಸಬೇಕು ಎಂಬುದು ಅವರ ಕಟ್ಟಪ್ಪಣೆ. ಅದರಲ್ಲಿ ‘ರನ್’ ಎಂಬುದರ ಎದುರಿಗೆ ನನಗಿಂತ ಮೊದಲು ಈ ಕೆಲಸ ಹಿಡಿದಿದ್ದ ಯಾರೋ ‘ಓಡಿಸು’ ಎಂದು ಬರೆದಿಟ್ಟಿದ್ದಾರೆ.

ಆ ಕಡತದಲ್ಲಿ ‘ರನ್’ ಇರುವ ಸಾಲುಗಳು ಒಟ್ಟು ಮೂವತ್ತೊಂದು. ಮೋಟರ್ ರನ್ನಿಂಗ್ ಎಂಬುದಕ್ಕೆ ‘ಮೋಟರ್ ಓಡುತ್ತಿದೆ’ ಎಂದು ಬರೆಯಲು ನನಗೇನೂ ಅಡ್ಡಿಯಿಲ್ಲ. ಆದರೆ ಮುಂದಿನ ಸಾಲಿನಲ್ಲಿ ‘ರನ್ ಡಯಾಗ್ನೋಸ್ಟಿಕ್ಸ್’ ಬರುತ್ತದೆ. ಅದರ ಕೆಳಗೆ ಸಿಮ್‌ನ ಬ್ಯಾಲೆನ್ಸ್ ‘ರನ್ನಿಂಗ್ ಲೋ’ ಎಂದಿದೆ, ಆಮೇಲೆ ‘ಕೇಬಲ್ ರನ್’, ‘ರನ್ ಕೆಪಾಸಿಟರ್’, ಕೊನೆಗೆ ಕೆಂಪಕ್ಷರದಲ್ಲಿ ‘ಡ್ರೈ ರನ್’. ಈ ಕೊನೆಯದಕ್ಕೆ ಹಿಂದಿನವರು ‘ಒಣ ಓಟ’ ಎಂದು ಬರೆದಿದ್ದಾರೆ. ಓದಿ ನಕ್ಕೆ, ಆದರೆ ನಕ್ಕು ಮುಗಿದ ಮೇಲೆ ಅದಕ್ಕಿಂತ ಒಳ್ಳೆಯದೇನೂ ನನಗೂ ಹೊಳೆಯಲಿಲ್ಲ.

ನನ್ನ ಪ್ರಶ್ನೆ ಎರಡು. ಕಾಲಿದ್ದವರು ಬೇಗ ಬೇಗ ಹೋಗುವುದಕ್ಕೆ ಹುಟ್ಟಿದ ಪದವೊಂದು ಇಷ್ಟು ಕಡೆ ಹೇಗೆ ಹಬ್ಬಿತು, ಈ ಎಲ್ಲ ಅರ್ಥಗಳ ಒಳಗೆ ಒಂದೇ ಎಳೆ ಇದೆಯೇ? ಇದ್ದರೆ, ಆ ಎಳೆಯನ್ನು ಹಿಡಿದು ಕನ್ನಡದ ಒಂದು ಕ್ರಿಯಾಪದವನ್ನು ಆರಿಸಿಕೊಳ್ಳಲು ಸಾಧ್ಯವೇ?

ಉತ್ತರ 1: ಹಳೆಯ ಓಲೆ

ಮೊದಲು ನಿಮ್ಮ ಪ್ರಶ್ನೆಯಲ್ಲಿರುವ ಒಂದು ನಂಬಿಕೆಯನ್ನು ಸಡಿಲಿಸಬೇಕಾಗಿದೆ. ‘ರನ್’ ಕಾಲಿನವರಿಗಾಗಿಯೇ ಹುಟ್ಟಿದ ಪದವಲ್ಲ. ಹಳೆಯ ಇಂಗ್ಲಿಷಿನ ‘ರಿನ್ನನ್’ ಎಂಬ ರೂಪಕ್ಕೆ ನೀರು ಹರಿಯುವುದು, ಪ್ರಾಣಿ ಓಡುವುದು ಎರಡೂ ಅರ್ಥಗಳಿದ್ದವು. ಇದರ ದಾಯಾದಿಯಾದ ಜರ್ಮನ್ ಭಾಷೆಯು ಇಂದಿಗೂ ಎರಡನ್ನು ಬೇರೆ ಬೇರೆ ಇಟ್ಟುಕೊಂಡಿದೆ: ‘ರಿನ್ನೆನ್’ ಎಂದರೆ ಸಣ್ಣಗೆ ಹರಿಯುವುದು, ಜಿನುಗುವುದು, ‘ರೆನ್ನೆನ್’ ಎಂದರೆ ಓಡುವುದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಪಾತ್ರದಲ್ಲಿ ಬೆರೆತುಹೋದವು. ಗಿಣ್ಣು ಮಾಡಲು, ಎಂದರೆ ಚೀಸ್‌ಗಾಗಿ ಹಾಲು ಹೆಪ್ಪುಗಟ್ಟಿಸಲು, ಬಳಸುವ ‘ರೆನೆಟ್’ ಎಂಬ ಹೆಸರೂ ಇದೇ ಬೇರಿನದು; ಹಾಲಿನ ಕಣಗಳು ಒಂದೆಡೆಗೆ ಹರಿದು ಕೂಡಿಕೊಳ್ಳುತ್ತವೆ ಎಂಬ ಭಾವನೆ ಅದರ ಹಿಂದಿದೆ.

ಅರ್ಥಗಳ ಸಂಖ್ಯೆಯ ಬಗ್ಗೆ ಹೇಳುವುದಾದರೆ, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಎಂಬುದಾಗಿತ್ತು. ಆ ಕ್ರಿಯಾಪದಕ್ಕೆ ಅಲ್ಲಿ 430ರಷ್ಟು ಅರ್ಥಗಳಿದ್ದವು. ಆಮೇಲೆ ನಡೆದ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. 2011ರಲ್ಲಿ ಈ ಸುದ್ದಿ ಹೊರಬಂದಾಗ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಗುರುತಿಸಿದ್ದರು, ಮತ್ತು ಆ ಒಂದು ನಮೂದಿಗಾಗಿ ಸಂಪಾದಕ ಪೀಟರ್ ಗಿಲಿವರ್ ಸುಮಾರು ಒಂಬತ್ತು ತಿಂಗಳು ಕುಳಿತಿದ್ದರು. ಒಂದು ಪದಕ್ಕೆ ಒಂಬತ್ತು ತಿಂಗಳೆಂದರೆ ಅದನ್ನು ಹೆರಿಗೆ ಎಂದೇ ಕರೆಯಬೇಕು. ಆದರೂ ಈ ಸಂಖ್ಯೆಯನ್ನು ಕೇಳಿ ಗಾಬರಿಯಾಗಬೇಕಿಲ್ಲ. ಹೋಳು ಎಷ್ಟು ಎಂಬುದು ಹಲಸಿನ ಹಣ್ಣಿಗಿಂತ ಹೆಚ್ಚಾಗಿ ಕತ್ತಿ ಹಿಡಿದವನನ್ನು ಅವಲಂಬಿಸಿರುತ್ತದೆ. ಬಸ್ಸು ಓಡುವುದು, ರೈಲು ಓಡುವುದು, ದೋಣಿ ಸಾಗುವುದು ಇವನ್ನು ಒಬ್ಬ ನಿಘಂಟುಕಾರ ಒಂದೇ ಅರ್ಥವೆಂದು ಎಣಿಸಿದರೆ ಇನ್ನೊಬ್ಬ ಮೂರೆಂದು ಎಣಿಸಬಹುದು.

ಎಳೆ ಇದೆಯೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಇದೆ. ಓಡುವ ಮನುಷ್ಯನ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿ, ತಡೆಯಿಲ್ಲದೆ ಹರಿಯುವ ನೀರಿನ ಚಿತ್ರವನ್ನು ಇಟ್ಟುಕೊಳ್ಳಿ. ಆಗ ನಲ್ಲಿ, ಮೂಗು, ತೊಳೆದ ಬಟ್ಟೆಯ ಬಣ್ಣ ಇವೆಲ್ಲ ‘ರನ್’ ಆಗುವುದು ಏಕೆಂದು ಯಾರೂ ವಿವರಿಸಬೇಕಾಗಿಲ್ಲ. ರಸ್ತೆ ಬೆಟ್ಟದ ಬುಡದಲ್ಲಿ ಹಾದುಹೋಗುವುದೂ, ಬಾಡಿಗೆ ಕರಾರು ಹನ್ನೊಂದು ತಿಂಗಳು ಊರ್ಜಿತವಾಗಿರುವುದೂ, ಒಂದು ಕಾಯಿಲೆ ವಂಶದಲ್ಲಿ ಇಳಿದುಬರುವುದೂ ಹರಿವಿನ ಬಗೆಗಳೇ. ಯಂತ್ರಗಳ ಕಾಲ ಬಂದಾಗ ಗಿರಣಿಯ ಚಕ್ರ, ಗಡಿಯಾರ, ಎಂಜಿನ್ನು ಎಲ್ಲವೂ ಈ ಪದದೊಳಗೆ ಸೇರಿಕೊಂಡವು. ಯಂತ್ರವನ್ನು ‘ರನ್’ ಮಾಡಬಹುದಾದರೆ ಕಾರ್ಖಾನೆಯನ್ನೂ ಮಾಡಬಹುದು, ಕಾರ್ಖಾನೆಯಾದ ಮೇಲೆ ಹೋಟೆಲು, ಶಾಲೆ, ಸರ್ಕಾರ.

ಈಗ ಕನ್ನಡಕ್ಕೆ ಬರೋಣ. ಎಲ್ಲರೂ ‘ರನ್’ ಎಂದ ಕೂಡಲೇ ‘ಓಡು’ ಎಂಬಲ್ಲಿಗೆ ಓಡುತ್ತಾರೆ. ಆದರೆ ಅದರ ನಿಜವಾದ ಜೋಡಿ ‘ಹರಿ’ ಎಂದು ನನಗೆ ಅನ್ನಿಸುತ್ತದೆ. ಹಳಗನ್ನಡದಲ್ಲಿ ಇದು ‘ಪರಿ’. ನೀರೂ ಪರಿಯುತ್ತಿತ್ತು, ಕುದುರೆಯೂ ಪರಿಯುತ್ತಿತ್ತು. ರಿನ್ನನ್ ಎಂಬುದಕ್ಕಿದ್ದ ಅದೇ ಎರಡು ಮುಖಗಳು ಇಲ್ಲಿಯೂ ಇದ್ದವು ಎಂಬುದನ್ನು ಗಮನಿಸಿ. ಹೊಸಗನ್ನಡದಲ್ಲಿ ಓಟದ ಭಾಗವನ್ನು ‘ಓಡು’ ಎತ್ತಿಕೊಂಡಿತು. ಉಳಿದ ಸಂಸಾರವೆಲ್ಲ ‘ಹರಿ’ಯ ಬಳಿಯೇ ಉಳಿಯಿತು. ಹಾವು ಹರಿಯುತ್ತದೆ, ಸುದ್ದಿ ಹರಿದಾಡುತ್ತದೆ, ದೇಣಿಗೆ ಹರಿದುಬರುತ್ತದೆ, ಬೆಳಕು ಹರಿಯುತ್ತದೆ, ಅಧಿಕಾರಿಗಳು ಗಮನ ಹರಿಸುತ್ತಾರೆ ಅಥವಾ ಹರಿಸುವುದಿಲ್ಲ. ಪತ್ರಿಕೆ ತೆರೆದರೆ ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂಬ ಶೀರ್ಷಿಕೆ ಕಾಣುತ್ತದೆ. ಇಂಗ್ಲಿಷಿನ ‘ರನ್ ಓವರ್’ ಎಂಬುದನ್ನು ಯಾರೂ ಅನುವಾದಿಸದೆಯೇ ಕನ್ನಡ ತನ್ನಷ್ಟಕ್ಕೆ ಅದೇ ಚಿತ್ರಕ್ಕೆ ಬಂದು ತಲುಪಿದೆ.

ಒಂದು ಎಚ್ಚರಿಕೆಯ ಮಾತು. ಈ ಉತ್ಸಾಹದಲ್ಲಿ ‘ಹರಿಕಾರ’ ಎಂಬುದನ್ನೂ ಇದೇ ಬುಟ್ಟಿಗೆ ಹಾಕಿಕೊಳ್ಳಬಾರದು. ಸುದ್ದಿ ಹೊತ್ತು ಓಡುವವನು, ಇಂಗ್ಲಿಷಿನಲ್ಲಿ ‘ರನ್ನರ್’, ಆದ್ದರಿಂದ ‘ಹರಿ’ಯಿಂದಲೇ ಹುಟ್ಟಿರಬೇಕು ಎಂದು ತೋರುತ್ತದೆ, ಆದರೆ ಅದು ಪಾರಸಿಯ ‘ಹರ್‌ಕಾರಾ’ ಎಂಬುದು ನಮ್ಮಲ್ಲಿ ಪಳಗಿದ ರೂಪ. ‘ಪರಿಹಾರ’ವಂತೂ ಸಂಸ್ಕೃತದ್ದು.

ಉತ್ತರ 2: ಸ್ಟಾರ್ಟರ್ ಪೆಟ್ಟಿಗೆ

ನನಗೆ ಭಾಷಾಶಾಸ್ತ್ರ ತಿಳಿಯದು. ಮೋಟರ್ ಬಿಚ್ಚಿ ವೈಂಡಿಂಗ್ ಮಾಡುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ, ಆದ್ದರಿಂದ ನಿಮ್ಮ ಪಟ್ಟಿಯ ಕೊನೆಯ ಮೂರು ಪದಗಳ ಬಗ್ಗೆ ಮಾತ್ರ ಹೇಳುತ್ತೇನೆ.

‘ಒಣ ಓಟ’ ಎಂಬುದನ್ನು ನಗೆಯಾಡಿ ಬಿಟ್ಟುಬಿಡಬೇಡಿ, ಏಕೆಂದರೆ ಅದು ಆ ಆ್ಯಪ್‌ನಲ್ಲಿರುವ ಅತ್ಯಂತ ಮುಖ್ಯವಾದ ಸಾಲು. ಕೊಳವೆಬಾವಿಯೊಳಗೆ ಇಳಿಬಿಟ್ಟ ಸಬ್‌ಮರ್ಸಿಬಲ್ ಪಂಪಿಗೆ ಸುತ್ತಲಿನ ನೀರೇ ತಂಪು, ನೀರೇ ಎಣ್ಣೆ. ಬಾವಿಯಲ್ಲಿ ನೀರು ಕೆಳಗಿಳಿದು ಪಂಪು ಬರಿದೇ ಸುತ್ತತೊಡಗಿದರೆ ಬುಷ್‌ಗಳು ಸವೆಯುತ್ತವೆ, ಬೇರಿಂಗ್ ಕಾಯುತ್ತದೆ, ಹಾಗೆಯೇ ಬಿಟ್ಟರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಎತ್ತಲು ನೀರಿಲ್ಲದಾಗ ಮೋಟರಿನ ಮೇಲಿನ ಭಾರ ಇಳಿಯುತ್ತದೆ, ಅದು ಎಳೆಯುವ ಕರೆಂಟೂ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಆಂಪಿಯರ್ ಮುಳ್ಳು ಎಂದಿನ ಜಾಗದಿಂದ ಹಿಂದಕ್ಕೆ ಸರಿದು ನಿಂತಿರುವುದನ್ನು ನೋಡಿಯೇ ಅನುಭವಸ್ಥ ರೈತರು ಓಡಿಬಂದು ಸ್ವಿಚ್ಚು ತೆಗೆಯುತ್ತಾರೆ. ಅದೇ ಕೆಲಸವನ್ನು ತಾನಾಗಿಯೇ ಮಾಡುವ ವ್ಯವಸ್ಥೆಗೆ ಡ್ರೈ ರನ್ ರಕ್ಷಣೆ ಎಂದು ಹೆಸರು. ನಮ್ಮ ಕಡೆ ಇದನ್ನು ‘ಬೋರು ಗಾಳಿ ಹೊಡೆಯುತ್ತಿದೆ’ ಎನ್ನುತ್ತಾರೆ. ಕೆಂಪಕ್ಷರದಲ್ಲಿ ‘ಒಣ ಓಟ’ ಎಂದು ಕಂಡರೆ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಫೋನು ನೋಡಿದವರಿಗೆ ಏನೂ ಹೊಳೆಯುವುದಿಲ್ಲ. ‘ಬೋರಿನಲ್ಲಿ ನೀರಿಲ್ಲ, ಮೋಟರ್ ನಿಲ್ಲಿಸಲಾಗಿದೆ’ ಎಂದು ಬರೆಯಿರಿ. ಪೆಟ್ಟಿಗೆಯ ಮೇಲೆ ಸಣ್ಣದಾಗಿ ‘ಡ್ರೈ ರನ್’ ಎಂದೇ ಅಚ್ಚಾಗಿರುವುದರಿಂದ ಆ ಹೆಸರನ್ನು ಪಕ್ಕದಲ್ಲಿ ಉಳಿಸಿದರೆ ರಿಪೇರಿಯವರಿಗೂ ಅನುಕೂಲವಾದೀತು.

‘ರನ್ ಕೆಪಾಸಿಟರ್’ ಎಂಬುದನ್ನು ಅನುವಾದಿಸುವ ಗೋಜಿಗೆ ಹೋಗಬೇಡಿ. ಸಿಂಗಲ್ ಫೇಸ್ ಮೋಟರಿನಲ್ಲಿ ಎರಡು ಬಗೆಯ ಕೆಪಾಸಿಟರ್ ಇರುತ್ತವೆ. ಒಂದು ಮೋಟರ್ ಎದ್ದು ವೇಗ ಹಿಡಿಯುವವರೆಗೆ ಮಾತ್ರ ಕೈಕೊಟ್ಟು ಸರ್ಕೀಟಿನಿಂದ ಹೊರಗುಳಿಯುತ್ತದೆ, ಇನ್ನೊಂದು ಮೋಟರ್ ತಿರುಗುತ್ತಿರುವಷ್ಟು ಹೊತ್ತೂ ಜೊತೆಗಿರುತ್ತದೆ. ಈ ಎರಡನೆಯದು ರನ್ ಕೆಪಾಸಿಟರ್. ಅಂಗಡಿಗೆ ಹೋಗಿ ‘ಓಟದ ಧಾರಕ ಕೊಡಿ’ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ‘ಕೇಬಲ್ ರನ್’ ಎಂದರೆ ಸ್ಟಾರ್ಟರಿನಿಂದ ಮೋಟರಿನವರೆಗೆ ಎಳೆದ ಕೇಬಲಿನ ಉದ್ದ, ಅಷ್ಟೇ. ಉದ್ದ ಹೆಚ್ಚಿದಷ್ಟೂ ವೋಲ್ಟೇಜ್ ಕುಸಿಯುವುದರಿಂದ ಆ ಅಂಕಿ ಕೇಳುತ್ತಾರೆ.

ಉತ್ತರ 3: ಪೊಟೋಮ್ಯಾಕ್ ದಂಡೆ

ಹಳೆಯ ಓಲೆಯವರ ‘ಹರಿವಿನ ಎಳೆ’ಗೆ ನಾನಿರುವ ವರ್ಜೀನಿಯಾದಿಂದ ಒಂದು ಸಾಕ್ಷಿ ಒದಗಿಸಬಲ್ಲೆ. ಈ ಭಾಗದಲ್ಲಿ ಸಣ್ಣ ಹಳ್ಳಕ್ಕೆ ‘ರನ್’ ಎಂದೇ ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ 1861ರಲ್ಲಿಯೂ 1862ರಲ್ಲಿಯೂ ಎರಡು ದೊಡ್ಡ ಕಾಳಗಗಳು ನಡೆದ ‘ಬುಲ್ ರನ್’ ಎಂಬುದು ಅಂಥ ಒಂದು ಹಳ್ಳ. ಉತ್ತರದವರು ಕಾಳಗವನ್ನು ಹಳ್ಳದ ಹೆಸರಿನಿಂದಲೂ ದಕ್ಷಿಣದವರು ಹತ್ತಿರದ ಊರಾದ ಮನಾಸಸ್ ಹೆಸರಿನಿಂದಲೂ ಕರೆದರು. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಬುಲ್ ರನ್ ಎಂದರೆ ಹೋರಿ ಬೆದರಿಸುವ ಹಬ್ಬದಂಥದ್ದು ಇರಬೇಕೆಂದು ತಿಳಿದು, ಕಾರು ನಿಲ್ಲಿಸಿ ಹೋಗಿ ನೋಡಿದರೆ ಮರಗಳ ನಡುವೆ ಕೆಂಬಣ್ಣದ ನೀರು ಸದ್ದಿಲ್ಲದೆ ಸಾಗುತ್ತಿತ್ತು. ಬೇಸಿಗೆಯಲ್ಲಿ ಬತ್ತುವ ಹಳ್ಳಗಳಿಗೆ ‘ಡ್ರೈ ರನ್’ ಎಂಬ ಹೆಸರೂ ಉಂಟು. ಎಂದರೆ ಸ್ಟಾರ್ಟರ್ ಪೆಟ್ಟಿಗೆಯವರ ಡ್ರೈ ರನ್, ಪೂರ್ವಾಭ್ಯಾಸವೆಂಬ ಅರ್ಥದ ಡ್ರೈ ರನ್, ಬತ್ತಿದ ಹಳ್ಳದ ಡ್ರೈ ರನ್ ಎಂದು ಮೂರಾದವು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಗೆ ಮುನ್ನ ಭಾರತದಾದ್ಯಂತ ನಡೆಸಿದ ಡ್ರೈ ರನ್ ಎರಡನೆಯ ಬಗೆಯದು. ಅದಕ್ಕೆ ‘ತಾಲೀಮು’ ಎಂಬ ಕನ್ನಡದ ಪದ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಅದನ್ನೇ ನಿಮ್ಮ ಪಂಪಿನ ಆ್ಯಪ್‌ಗೆ ತಂದರೆ ಮೋಟರ್ ಸುಡುತ್ತಿರುವಾಗ ರೈತರು ತಾಲೀಮು ನಡೆಯುತ್ತಿದೆಯೆಂದು ನಿಶ್ಚಿಂತೆಯಿಂದ ಮಲಗುತ್ತಾರೆ.

ಆದರೆ ಎಲ್ಲ ಅರ್ಥಗಳೂ ನೀರಿನಿಂದಲೇ ಬಂದವು ಎಂಬುದನ್ನು ನಾನು ಒಪ್ಪಲಾರೆ. ಕೆಲವಂತೂ ಕಾಲಿನಿಂದಲೇ ಬಂದಿವೆ. ಚುನಾವಣೆಯನ್ನೇ ತೆಗೆದುಕೊಳ್ಳಿ. ಇಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾನೆ, ಬ್ರಿಟನ್ನಿನಲ್ಲಿ ಅದೇ ಅಭ್ಯರ್ಥಿ ‘ಸ್ಟ್ಯಾಂಡ್’ ಮಾಡುತ್ತಾನೆ. ಇಲ್ಲಿಯದು ಕುದುರೆ ಜೂಜಿನ ಕಲ್ಪನೆ. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಗೆ ‘ರನ್ನಿಂಗ್ ಮೇಟ್’ ಎನ್ನುವುದೂ ಅಲ್ಲಿಂದಲೇ ಬಂದದ್ದು. ನಾವು ಕನ್ನಡಿಗರು ಚುನಾವಣೆಗೆ ನಿಲ್ಲುವವರು. ನಮ್ಮಲ್ಲಿ ಪಂಚಾಯಿತಿಗೆ ನಿಂತವರು ಊರೆಲ್ಲ ಓಡಾಡಿದರೂ ಲೆಕ್ಕಕ್ಕೆ ನಿಂತಂತೆಯೇ. ಇಲ್ಲಿನ ಚುನಾವಣೆಯ ಸುದ್ದಿಯನ್ನು ಯಂತ್ರಾನುವಾದಕ್ಕೆ ಕೊಟ್ಟಾಗ ‘ಅಧ್ಯಕ್ಷ ಹುದ್ದೆಗೆ ಓಡುತ್ತಿದ್ದಾರೆ’ ಎಂದು ಬಂದದ್ದನ್ನು ನಾನೇ ನೋಡಿದ್ದೇನೆ. ಓದಿದರೆ ಹುದ್ದೆಯನ್ನು ಯಾರೋ ಮಂಟಪದಲ್ಲಿ ಇಟ್ಟಿದ್ದಾರೆ, ಮೊದಲು ಮುಟ್ಟಿದವರಿಗೆ ಸಿಗುತ್ತದೆ ಎಂಬಂತೆ ಇತ್ತು.

ಬ್ಯಾಂಕ್ ರನ್ ಎಂಬುದೂ ಹಾಗೆಯೇ. ಬ್ಯಾಂಕು ಮುಳುಗುತ್ತದೆಂಬ ಭಯದಿಂದ ಜನ ಬಾಗಿಲಿಗೆ ನಿಜವಾಗಿಯೂ ಓಡುತ್ತಿದ್ದ ಕಾಲದ ಪದ ಅದು. 2023ರ ಮಾರ್ಚ್ 9ರಂದು ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ಹಿಂತೆಗೆಯಲು ಠೇವಣಿದಾರರು ಕೋರಿಕೆ ಸಲ್ಲಿಸಿದಾಗ ಹೆಚ್ಚಿನವರು ಕುರ್ಚಿಯಿಂದ ಎದ್ದೂ ಇರಲಿಲ್ಲ. ಎಲ್ಲವೂ ಕಂಪ್ಯೂಟರು, ಫೋನುಗಳ ಮೂಲಕ ನಡೆಯಿತು. ಕನ್ನಡದಲ್ಲಿ ಇದಕ್ಕೆ ‘ಮುಗಿಬೀಳು’ ಎಂಬುದು ಸರಿಯಾಗಿ ಒದಗುತ್ತದೆ. ಹರಿ, ಓಡು ಎರಡೂ ಅಲ್ಲಿ ಸಲ್ಲವು. ನೀರಿನ ಚಿತ್ರವನ್ನೇ ಬಳಸಿ ಬ್ಯಾಂಕಿನಿಂದ ಹಣ ಹರಿದುಹೋಯಿತು ಎನ್ನಬಹುದು, ಆದರೆ ಅದರಲ್ಲಿ ಭಯ ಕಾಣುವುದಿಲ್ಲ.

ಹಳೆಯ ಓಲೆಯವರಿಗೆ ಸಂತೋಷವಾಗಲೆಂದು ಒಂದು ಮಾತು. ಇಲ್ಲಿ ಹೆಂಗಸರ ಕಾಲುಚೀಲದ ನೂಲು ಕಿತ್ತು ಉದ್ದಕ್ಕೂ ಬಿಚ್ಚಿಕೊಂಡರೆ ಅದಕ್ಕೂ ‘ರನ್’ ಎನ್ನುತ್ತಾರೆ. ನಮ್ಮ ಬಟ್ಟೆಯೂ ‘ಹರಿಯುತ್ತದೆ’. ಇದು ಕಾಕತಾಳೀಯವೋ ಏನೋ, ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತು.

ಉತ್ತರ 4: ಹಳೆಯ ಓಲೆ

ಕಾಲಿನಿಂದ ಬಂದ ಅರ್ಥಗಳ ವಿಷಯದಲ್ಲಿ ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಬಟ್ಟೆ ಹರಿಯುವುದರ ಬಗ್ಗೆ ಮಾತ್ರ ಅವಸರ ಬೇಡ. ‘ಹರಿ’ ಎಂಬುದಕ್ಕೆ ಕತ್ತರಿಸು, ಸೀಳು ಎಂಬ ಅರ್ಥವೂ ಹಳೆಯದೇ. ಹರಿಯುವ ಹರಿ, ಹರಿದ ಹರಿ ಇವು ಒಂದೇ ಧಾತುವೋ, ಒಂದೇ ಉಡುಪು ತೊಟ್ಟ ಎರಡು ಧಾತುಗಳೋ ಎಂಬುದು ಬೇರೆಯೇ ಚರ್ಚೆ. ಕಾಲುಚೀಲದಲ್ಲಿ ಓಡುವುದು ಬಿಚ್ಚಿದ ಹೊಲಿಗೆಯ ಸಾಲು, ನಮ್ಮಲ್ಲಿ ಹರಿಯುವುದು ಬಟ್ಟೆಯೇ.

ಉತ್ತರ 5: ಅರಸೀಕೆರೆ ಜಂಕ್ಷನ್

ರೈಲ್ವೆಯಲ್ಲಿ ಸೇವೆ ಮುಗಿಸಿದವನು ನಾನು. ನಮ್ಮಲ್ಲಿ ‘ರನ್ನಿಂಗ್ ರೂಮ್’ ಎಂಬುದೊಂದಿದೆ. ಲೋಕೋ ಪೈಲಟ್‌ಗಳೂ ಗಾರ್ಡ್‌ಗಳೂ (2022ರಿಂದ ಇವರ ಹೆಸರು ‘ಟ್ರೈನ್ ಮ್ಯಾನೇಜರ್’) ‘ರನ್ನಿಂಗ್ ಸ್ಟಾಫ್’, ಆದ್ದರಿಂದ ಅವರು ಒಂದು ಗಾಡಿ ಬಿಟ್ಟು ಮುಂದಿನ ಗಾಡಿ ಹಿಡಿಯುವವರೆಗೆ ಉಂಡು ಮಲಗುವ ಕೋಣೆ ರನ್ನಿಂಗ್ ರೂಮ್. ಮೊದಲ ಬಾರಿ ಊರಿನಿಂದ ಬಂದ ನನ್ನ ತಂದೆಯವರು ಆ ಫಲಕವನ್ನು ಓದಿ, ಒಳಗೆ ಹತ್ತು ಜನ ಗೊರಕೆ ಹೊಡೆಯುತ್ತಿದ್ದುದನ್ನು ಕಿಟಕಿಯಿಂದ ನೋಡಿ, ‘ಇವರು ಓಡುವುದು ಯಾವಾಗ?’ ಎಂದು ಕೇಳಿದ್ದರು.

ನಾವು ಕನ್ನಡದಲ್ಲೇ ಬಳಸುವ ‘ರನ್ನಿಂಗ್’ ಇಂಗ್ಲಿಷಿನವರಿಗೇ ಅರ್ಥವಾಗದಷ್ಟು ನಮ್ಮದಾಗಿದೆ ಎಂಬುದನ್ನೂ ಗಮನಿಸಬೇಕು. ಚಲಿಸುತ್ತಿರುವ ಬಸ್ಸು ಹತ್ತುವುದು ‘ರನ್ನಿಂಗ್‌ನಲ್ಲಿ ಹತ್ತುವುದು’. ಹಳೆಯ ಸ್ಕೂಟರ್ ಮಾರುವವರು ‘ರನ್ನಿಂಗ್ ಕಂಡೀಷನ್‌ನಲ್ಲಿದೆ’ ಎಂದರೆ ಅದು ಓಡುತ್ತದೆ, ಬೇರೇನೂ ಕೇಳಬೇಡಿ ಎಂದರ್ಥ. ವಯಸ್ಸೆಷ್ಟು ಎಂದರೆ ‘ಐವತ್ತೆಂಟು ರನ್ನಿಂಗ್’ ಎನ್ನುತ್ತಾರೆ. ಈ ಕೊನೆಯದು ನಮ್ಮ ‘ಐವತ್ತೆಂಟು ನಡೆಯುತ್ತಿದೆ’ ಎಂಬುದರ ವೇಷ. ಕನ್ನಡದ ವಯಸ್ಸು ನಡೆಯುತ್ತದೆ, ಇಂಗ್ಲಿಷಿನ ಪದ ಸಿಕ್ಕಿದ ಕೂಡಲೇ ಓಡತೊಡಗುತ್ತದೆ.

ಇದರಿಂದ ನನಗೆ ಹೊಳೆದದ್ದು ಇಷ್ಟು: ಇಂಗ್ಲಿಷಿನವರು ಓಡಿಸುವ ಬಹಳಷ್ಟನ್ನು ನಾವು ನಡೆಸುತ್ತೇವೆ. ಅಂಗಡಿ ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ, ಸಂಘ ನಡೆಸುತ್ತೇವೆ. ಯಾರಾದರೂ ‘ಹೋಟೆಲ್ ಓಡಿಸುತ್ತಿದ್ದೇನೆ’ ಎಂದರೆ ವ್ಯಾಪಾರ ಅಷ್ಟಕ್ಕಷ್ಟೇ, ಹೇಗೋ ತಳ್ಳುತ್ತಿದ್ದಾರೆ ಎಂಬ ಧ್ವನಿ ಬರುತ್ತದೆ.

ಉತ್ತರ 6: ಕಚ್ಚು ಕೋಲು

ಕ್ರಿಕೆಟ್ಟಿನ ರನ್ನನ್ನು ಯಾರೂ ಎತ್ತಲಿಲ್ಲವೆಂದು ಆಶ್ಚರ್ಯವಾಯಿತು. ಅದನ್ನು ‘ಓಟ’ ಎಂದು ಬರೆಯಲು ಹೊರಟವರು ಇದ್ದರು, ಆದರೆ ಆ ಪ್ರಯತ್ನ ನೆಲೆ ನಿಲ್ಲಲಿಲ್ಲ, ಮತ್ತು ಅದಕ್ಕೆ ಕಾರಣ ಕನ್ನಡದ ಬಗೆಗಿನ ಅಸಡ್ಡೆಯೆಂದು ನಾನು ಭಾವಿಸುವುದಿಲ್ಲ. ಬ್ಯಾಟುಗಾರ ಚೆಂಡನ್ನು ಬೌಂಡರಿಗೆ ಅಟ್ಟಿ ನಿಂತಲ್ಲೇ ನಿಂತು ನಾಲ್ಕು ರನ್ ಪಡೆಯುತ್ತಾನೆ. ಅಲ್ಲಿ ಓಟವೇ ಇಲ್ಲ. ರನ್ ಎಂಬುದು ಓಟದಿಂದ ಹುಟ್ಟಿ ಓಟದಿಂದ ಕಳಚಿಕೊಂಡು ಬರಿಯ ಎಣಿಕೆಯ ಘಟಕವಾಗಿದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕಿ ಲೆಕ್ಕವಿಡುತ್ತಿದ್ದರು, ಮತ್ತು ಒಂದೊಂದು ರನ್ನಿಗೂ ‘ಕಚ್ಚು’ ಎಂಬ ಅರ್ಥದ ಹೆಸರೇ ಬಳಕೆಯಲ್ಲಿತ್ತು. ಮೈಸೂರಿನ ಬಿ. ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದು 167 ರನ್ ಗಳಿಸಿದರು ಎಂದು ಬರೆದರೆ ಕನ್ನಡದ ಯಾವ ಓದುಗರಿಗೂ ತೊಡಕಾಗದು. ‘167 ಓಟ’ ಎಂದರೆ ಒಂದು ಕ್ಷಣ ತಡೆಯುತ್ತದೆ. ಅಂಥ ಕಡೆ ಪದವನ್ನು ಎರವಲು ಎನ್ನುವುದನ್ನೂ ಬಿಡಬೇಕು. ‘ರನ್ನು’, ‘ರನ್ನಿಗೆ’, ‘ರನ್‌ಗಳ ಹೊಳೆ’ ಎಂದು ವಿಭಕ್ತಿ ಹಚ್ಚಿಕೊಂಡು ಅದು ನಮ್ಮ ಪಡಸಾಲೆಯಲ್ಲೇ ಕುಳಿತಿದೆ. ಕಡೆಗೆ ಅದೂ ಹೊಳೆಯಾಗಿಯೇ ಹರಿಯಿತು ನೋಡಿ.

ನಿಮ್ಮ ‘ರನ್ ಡಯಾಗ್ನೋಸ್ಟಿಕ್ಸ್’ ಬಗ್ಗೆ. ತಂತ್ರಾಂಶಗಳ ಕನ್ನಡ ಪಠ್ಯದಲ್ಲಿ ‘ಚಲಾಯಿಸಿ’ ಎಂಬುದು ಹೇರಳವಾಗಿ ಕಾಣುತ್ತದೆ. ನನಗೆ ಅದು ಒಗ್ಗುವುದಿಲ್ಲ. ಚಲಾಯಿಸುವುದು ವಾಹನವನ್ನು, ಅಧಿಕಾರವನ್ನು, ಮತವನ್ನು. ತಪಾಸಣೆಯನ್ನು ಯಾರೂ ಚಲಾಯಿಸುವುದಿಲ್ಲ, ಮಾಡುತ್ತಾರೆ. ಇಂಗ್ಲಿಷಿನ ಕ್ರಿಯಾಪದ ಎದುರಿಗೆ ನಿಂತಿದೆಯೆಂದು ಕನ್ನಡದಲ್ಲಿಯೂ ಅದಕ್ಕೆ ಒಂದು ಕ್ರಿಯಾಪದವನ್ನು ಹೊಂದಿಸಬೇಕೆಂಬ ಹಟವನ್ನು ಬಿಟ್ಟು, ಪಕ್ಕದ ನಾಮಪದವನ್ನು ಮೊದಲು ಕನ್ನಡಕ್ಕೆ ತನ್ನಿ. ಅದಕ್ಕೆ ಹೊಂದುವ ಕ್ರಿಯಾಪದವನ್ನು ಆ ನಾಮಪದವೇ ಕರೆದುಕೊಂಡು ಬರುತ್ತದೆ. ತಪಾಸಣೆ ‘ಮಾಡು’ ಎಂಬುದನ್ನು ಕರೆಯುತ್ತದೆ, ಜ್ವರ ‘ಬರು’ ಎಂಬುದನ್ನು, ಬ್ಯಾಲೆನ್ಸ್ ‘ಮುಗಿ’ ಎಂಬುದನ್ನು.

ಕೆಲಸ ಕೊಟ್ಟವರಿಗೆ ಇದನ್ನು ಮನದಟ್ಟು ಮಾಡಬೇಕಿದ್ದರೆ ತಿರುಗುಬಾಣ ಒಂದಿದೆ. ನಮ್ಮ ‘ಹೊಡೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಕೊಡಲು ಹೇಳಿ. ಮೊಳೆ ಹೊಡೆಯುತ್ತೇವೆ, ಸುಣ್ಣ ಹೊಡೆಯುತ್ತೇವೆ, ಗಿಡಕ್ಕೆ ಔಷಧಿ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಸಿಳ್ಳೆ ಹೊಡೆಯುತ್ತೇವೆ, ಕಣ್ಣು ಹೊಡೆಯುತ್ತೇವೆ, ಎತ್ತಿನ ಗಾಡಿ ಹೊಡೆಯುತ್ತೇವೆ, ಈಜು ಹೊಡೆಯುತ್ತೇವೆ. ಹಳಸಿದ ಸಾರು ವಾಸನೆ ಹೊಡೆಯುತ್ತದೆ. ಜೇಬು ಹೊಡೆದವನು ಓಡಿಹೋಗುತ್ತಾನೆ. ಮೇಲೆ ಸ್ಟಾರ್ಟರ್ ಪೆಟ್ಟಿಗೆಯವರ ಬೋರು ಗಾಳಿ ಹೊಡೆಯಿತು, ಅರಸೀಕೆರೆಯವರ ಸಹೋದ್ಯೋಗಿಗಳು ಗೊರಕೆ ಹೊಡೆದರು. ಇದೊಂದೇ ಚರ್ಚೆಯಲ್ಲಿ ಎರಡು ಹೊಡೆತ ಬಿದ್ದದ್ದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ತಾಯ್ನುಡಿಯಲ್ಲಿ ಇವು ಲೆಕ್ಕಕ್ಕೇ ಬರುವುದಿಲ್ಲ. ಇಂಗ್ಲಿಷರಿಗೆ 645 ಅರ್ಥಗಳೂ ಹಾಗೆಯೇ ಇರುತ್ತವೆ.

ಪ್ರಶ್ನೆ ಕೇಳಿದವರ ಮರುನುಡಿ: ಅನುವಾದದ ಕೂಲಿ

ಎಲ್ಲರಿಗೂ ಕೃತಜ್ಞ. ಎರಡು ದಿನ ಕುಳಿತು ಮೂವತ್ತೊಂದು ಸಾಲುಗಳನ್ನೂ ಮತ್ತೆ ಬರೆದೆ. ‘ಹರಿ’ ನನ್ನ ಕಡತದಲ್ಲಿ ಒಂದೇ ಕಡೆ ಒದಗಿತು: ಪೈಪಿನಲ್ಲಿ ನೀರು ಹರಿಯುತ್ತಿದೆ ಎಂಬಲ್ಲಿ, ಅಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದೂ ‘ರನ್ನಿಂಗ್ ವಾಟರ್’ ಎಂದೇ. ಮೋಟರ್ ಓಡುತ್ತಿದೆ, ಈ ದಿನ ಓಡಿದ ಹೊತ್ತು, ಕಳೆದ ಬಾರಿ ಓಡಿದ್ದು ಇಂಥವು ಎಂಟು. ಉಳಿದವುಗಳಲ್ಲಿ ತಪಾಸಣೆ ‘ಮಾಡಿ’ ಆಯಿತು, ಸಿಮ್‌ನ ಬ್ಯಾಲೆನ್ಸ್ ‘ಮುಗಿಯುತ್ತಾ ಬಂದಿದೆ’, ಕೇಬಲಿಗೆ ‘ಉದ್ದ’ ಮಾತ್ರ ಉಳಿಯಿತು, ಕೆಪಾಸಿಟರನ್ನು ಮುಟ್ಟಲಿಲ್ಲ. ‘ಒಣ ಓಟ’ ಇದ್ದಲ್ಲಿ ಈಗ ‘ಬೋರಿನಲ್ಲಿ ನೀರಿಲ್ಲ, ಮೋಟರ್ ನಿಲ್ಲಿಸಲಾಗಿದೆ’ ಎಂದಿದೆ. ಪರದೆಯ ಮೇಲಿನ ಆ ಜಾಗದ ಅಗಲಕ್ಕೆ ಇದು ಹೆಚ್ಚಾಯಿತೆಂದು ಕೆಲಸ ಕೊಟ್ಟವರು ಹೇಳಿದ್ದರಿಂದ ಎರಡು ಸಾಲು ಮಾಡಿಸಿಕೊಂಡೆ.

ಪದಪಟ್ಟಿಯ ಆ ಮನೆಯಲ್ಲಿ ‘ಓಡಿಸು’ ಅಳಿಸಿ ‘ಸಂದರ್ಭ ನೋಡಿ’ ಎಂದು ಬರೆಯಲು ಅನುಮತಿ ಕೇಳಿದೆ, ಸಿಗಲಿಲ್ಲ. ಅವರ ತಂತ್ರಾಂಶಕ್ಕೆ ಪಟ್ಟಿಯ ಪದ ಕಾಣದ ಸಾಲುಗಳಿಗೆಲ್ಲ ಕೆಂಪು ಗುರುತು ಹಾಕುವುದು ಮಾತ್ರ ಗೊತ್ತು. ಓಡುವ ಎಂಟು ಸಾಲುಗಳನ್ನು ಹಾಗೂ ಹೀಗೂ ಅದು ಒಪ್ಪಿಕೊಂಡಿತು. ಕಡತವನ್ನು ಇಪ್ಪತ್ತಮೂರು ಕೆಂಪು ಗುರುತುಗಳ ಸಮೇತ ನಿನ್ನೆ ಸಂಜೆ ಕಳುಹಿಸಿದ್ದೇನೆ.